ಸಮಾಧಿಕಲ್ಲಿಗೆ ಅಕ್ಕಿ ಹಿಟ್ಟು

ಗೆಳೆಯರೇ, ಇವತ್ತು ಇಲ್ಲಿ ಅಮೆರಿಕದ ಎಲಿಕಾಟ್ ಸಿಟಿಯ ಹಳೇ ಸ್ಮಶಾನದಲ್ಲಿ ಬೈಸಿಕೊಂಡು ಬಂದೆ.

ಪಕ್ಕದ ಮನೆಯ ಐಲೀನ್‌ಗೆ ಎಪ್ಪತ್ತೆಂಟು ವರ್ಷ. ಐರ್ಲೆಂಡಿನಿಂದ ಒಬ್ಬಳೇ ಹಡಗು ಹತ್ತಿ ಬಂದ ತಮ್ಮ ಮುತ್ತಜ್ಜಿ ಅಲ್ಲಿ ಯಾವ ಕೌಂಟಿಯವಳು, ಅಂದರೆ ಯಾವ ಜಿಲ್ಲೆಯವಳು ಎಂದು ವರ್ಷಗಟ್ಟಲೆ ಹುಡುಕುತ್ತಿದ್ದಾರೆ. ದಾಖಲೆಗಳಲ್ಲೆಲ್ಲ ಬರೀ ‘ಐರ್ಲೆಂಡ್’ ಎಂದಿದೆ. ಇವತ್ತು ನಾನೂ ಜೊತೆಗೆ ಹೋಗಿದ್ದೆ; ಸಮಾಧಿಯೇನೋ ಸಿಕ್ಕಿತು, ಆದರೆ ಕಲ್ಲಿನ ಅಕ್ಷರಗಳು ಸವೆದುಹೋಗಿದ್ದವು. ಐಲೀನ್ ಅದನ್ನು ಸವರುತ್ತಾ ನಿಂತುಬಿಟ್ಟರು.

ನನಗೆ ನೋಡಲಾಗಲಿಲ್ಲ. ಕಾರಿನಲ್ಲಿ ಆಗಷ್ಟೇ ಕೊಂಡ ಅಕ್ಕಿ ಹಿಟ್ಟಿತ್ತು. ತಂದು ಕಲ್ಲಿಗೆ ಬಳಿದು ಅಂಗೈಯಿಂದ ಒರೆಸಿದೆ. ತಗ್ಗಿನಲ್ಲಿ ಹಿಟ್ಟು ನಿಂತು, ರಂಗೋಲಿಯಂತೆ ಅಕ್ಷರಗಳು ಎದ್ದವು.

ಅಷ್ಟರಲ್ಲಿ ಕಾವಲುಗಾರ ಓಡಿಬಂದ. “ಏನ್ ಮಾಡ್ತಿದೀರಾ ಮೇಡಂ? ಇದೇನು ಕಿಚನ್ನಾ? ಇರುವೆ ಮುತ್ತುತ್ತೆ!”

“ತೊಳೆದುಕೊಡ್ತೀನಿ, ಮೊದ್ಲು ಓದೋಕೆ ಬಿಡಿ” ಎಂದೆ.

ಕೊನೆಗೆ ಅವನೇ ಬಗ್ಗಿ ಓದಿದ: “ಕ್ಲೇರ್ ಕೌಂಟಿಯಲ್ಲಿ ಹುಟ್ಟಿದವಳು.”

ಐಲೀನ್ ಹುಲ್ಲಿನ ಮೇಲೇ ಕೂತು, “ಕ್ಲೇರ್, ಕ್ಲೇರ್” ಎನ್ನುತ್ತಾ ಅತ್ತರು, ನಕ್ಕರು.

ತೊಳೆಯಲು ನೀರಿನ ಬಾಟಲಿ ತೆಗೆದೆ. ಕಾವಲುಗಾರ ಮೆಲ್ಲಗೆ ಕೇಳಿದ: “ಹಿಟ್ಟು ಇನ್ನೂ ಇದೆಯಾ? ನಮ್ಮಜ್ಜನ ಕಲ್ಲು ಆ ಕಡೆ ಇದೆ.”

ಇವತ್ತು ನಮ್ಮನೆಯಲ್ಲಿ ಅಕ್ಕಿ ರೊಟ್ಟಿ ಇಲ್ಲ. ಹಿಟ್ಟೆಲ್ಲಿ ಎಂದು ಗಂಡ ಕೇಳುತ್ತಿದ್ದಾರೆ. ಸ್ಮಶಾನದಲ್ಲಿ ಖರ್ಚಾಯಿತು ಎಂದು ಹೇಗೆ ಹೇಳಲಿ?