ಪಕ್ಕದ ಮನೆಯವರು

ದೊಡ್ಡಮ್ಮ, ನಮ್ಮನ್ನು ಹಿಡಿಸಿಕೊಟ್ಟದ್ದು ಗಿರಿಜಕ್ಕ ಅಲ್ಲ, ನಾನು. ಇಷ್ಟು ವರ್ಷ ಈ ಒಂದು ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಈಗ ಬಂದಿದೆ, ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಕೊರೊನಾದ ಆ ವರ್ಷ ಅಮ್ಮನೂ ನಾನೂ ಮುಂಬೈಯಿಂದ ತೆಕ್ಕಟ್ಟೆಗೆ ಬಂದು ನಿಮ್ಮ ಅಟ್ಟ ಸೇರಿದಾಗ ನನಗೆ ಹದಿನಾರು. ಕ್ವಾರಂಟೈನಿಗೆ ಹೋಗಬೇಕಾದವರನ್ನು ನೀವು ಬಚ್ಚಿಟ್ಟಿರಿ. ಮನೆಯಲ್ಲಿ ಮುಂಬೈಯವರಿದ್ದಾರೆಂದು ಗೊತ್ತಾದರೆ ನಿಮ್ಮ ಬುಟ್ಟಿಯ ಮೀನನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ನನಗೆ ತಿಳಿದಿತ್ತು — ತಿಳಿದಿದ್ದೂ...

ಆ ಅಟ್ಟದಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಮೇಲೆ ಹೆಂಚಿನ ಕಾವು, ಸುತ್ತ ಒಣಮೀನಿನ ವಾಸನೆ. ಏಣಿಯ ಬುಡದಲ್ಲಿ ನಿಂತು ನೀವು ಹೇಳುತ್ತಿದ್ದುದು ಒಂದೇ, "ಕೆಮ್ಮುಕಾಗ, ನೆಗಾಡುಕಾಗ." ಕೆಮ್ಮಲೂಬಾರದು, ನಗಲೂಬಾರದು. ಒಂದು ದಿನ ನನ್ನ ಕೈತಪ್ಪಿ ಚೊಂಬು ಉರುಳಿತು. ಅಂಗಳಕ್ಕೆ ಬಂದಿದ್ದ ಹಾಲಿನವನು ತಲೆ ಎತ್ತಿ ನೋಡಿದನಂತೆ. ಅವನು ಹೋದದ್ದೇ ನೀವು ಮೇಲೆ ಹತ್ತಿ ಬಂದು ನನ್ನ ಕೆನ್ನೆಗೆ ಬಾರಿಸಿದಿರಿ. ಅಮ್ಮ ಅಲ್ಲೇ ಇದ್ದಳು. ಅಕ್ಕನ ಹಂಗಿನಲ್ಲಿದ್ದವಳು, ಬಾಯಿ ಬಿಡಲಿಲ್ಲ. ನಿಮ್ಮ ಪೆಟ್ಟಿಗಿಂತ ಅವಳು ಸುಮ್ಮನಿದ್ದದ್ದೇ ನನ್ನನ್ನು ಹೆಚ್ಚು ಉರಿಸಿತು.

ಮರುದಿನ ಅಮ್ಮ ಮಲಗಿದ್ದಾಗ ಕೆಳಗಿಳಿದು, ನೀವು ಚಾರ್ಜಿಗೆ ಇಟ್ಟುಹೋಗಿದ್ದ ಫೋನಿನಿಂದ, ಟೀವಿಯಲ್ಲಿ ದಿನವೂ ಹೇಳುತ್ತಿದ್ದ ನಂಬರಿಗೆ ಕರೆ ಮಾಡಿದೆ. ಈ ಮನೆಯಲ್ಲಿ ಮುಂಬೈಯವರು ಅಡಗಿದ್ದಾರೆ ಎಂದೆ. ಮಾತಾಡುತ್ತಿರುವುದು ಯಾರೆಂದು ಕೇಳಿದರು. ತಡವರಿಸಿದೆ, ಆಮೇಲೆ —

"ಪಕ್ಕದ ಮನೆಯವರು."

ಪಕ್ಕದಲ್ಲಿದ್ದದ್ದು ಗಿರಿಜಕ್ಕನದೊಂದೇ ಮನೆ. ನೀವಿಬ್ಬರೂ ಒಂದೇ ರಿಕ್ಷಾದಲ್ಲಿ ಮೀನು ತರುತ್ತಿದ್ದಿರಿ, ಮಾರುವ ಮನೆಗಳನ್ನು ಹಂಚಿಕೊಂಡಿದ್ದಿರಿ. ಒಬ್ಬರ ಮನೆಗಳಿಗೆ ಇನ್ನೊಬ್ಬರು ಬುಟ್ಟಿ ಹೊತ್ತು ಹೋಗುವಂತಿಲ್ಲ, ಅದು ಮೀನು ಮಾರುವವರ ಕಟ್ಟಳೆ. ನಮ್ಮೆಲ್ಲರನ್ನೂ ಕರೆದೊಯ್ಯಲು ಬಂದವರು ಪಕ್ಕದ ಮನೆಯವರೇ ತಿಳಿಸಿದ್ದು ಎಂದು ನಿಮ್ಮೆದುರೇ ಹೇಳಿದರು. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ.

ಕ್ವಾರಂಟೈನ್ ಮುಗಿಸಿ ಬಂದಾಗ ನಿಮ್ಮ ಪಾಲಿನ ಮನೆಗಳಿಗೆಲ್ಲ ಗಿರಿಜಕ್ಕ ಮೀನು ಕೊಡುತ್ತಿದ್ದರು. ನಡುವೆ ಬೇರೆಯವರು ನುಗ್ಗಬಾರದೆಂದು ಎರಡು ಪಾಲು ನಡೆದಿದ್ದರು, ಪಾಪ. ನಿಮ್ಮ ಅಂಗಳಕ್ಕೆ ಬಂದು, "ನಿನ್ ಮನಿ ಒಂದೂ ಕೈ ಬಿಟ್ಟ್ ಹೋಯ್ಲಿಲ್ಲ ಕಾಣ್. ನಾಳಿಂದ ನೀನೇ ಹೋಗ್" ಎಂದರು.

ನೀವು ಕೇಳಿದಿರಿ, "ನನ್ ಮನಿ ಎಲ್ಲಾ ನೀನೇ ತೆಕಂಬುಕೆ ಅಲ್ದಾ ಫೋನ್ ಮಾಡಿದ್ದ್? ಇನ್ ನನ್ ಬಾಗ್ಲಿಗೆ ಬಪ್ಪುಕಾಗ."

ಗಿರಿಜಕ್ಕ ನಿಮ್ಮ ಮುಖವನ್ನೇ ನೋಡಿದರು, ಬುಟ್ಟಿ ಎತ್ತಿಕೊಂಡು ಹೋದರು. ನಾನು ಬಾಗಿಲ ಹಿಂದೆಯೇ ಇದ್ದೆ. ಒಂದು ಹೆಜ್ಜೆ ಹೊರಗಿಟ್ಟು ನಾನು ಎಂದಿದ್ದರೆ ಸಾಕಿತ್ತು. ಇಡಲಿಲ್ಲ. ಹೇಳದೆ ಕಳೆದ ಪ್ರತಿ ವರ್ಷವೂ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಬಚ್ಚಿಟ್ಟದ್ದೇ ತಪ್ಪು, ತಿಳಿಸಿದ್ದು ಸರಿ ಎಂದು ಯಾರಾದರೂ ನನ್ನ ಪರ ವಾದಿಸಬಹುದು. ಆದರೆ ನಾನು ಊರಿನ ಆರೋಗ್ಯ ನೆನೆದು ಫೋನ್ ಮಾಡಿದವಳಲ್ಲ. ನಿಮಗೂ ಅಮ್ಮನಿಗೂ ಬುದ್ಧಿ ಕಲಿಸಬೇಕಿತ್ತು, ಅಷ್ಟೇ.

ಮೊನ್ನೆ ಗಿರಿಜಕ್ಕನ ಹೆಣ ಹೊರಟಾಗ ನೀವು ಬಾಗಿಲು ಹಾಕಿಕೊಂಡು ಒಳಗೇ ಉಳಿದಿರಿ. ಸಂಜೆ ಮೀನು ಕೊಯ್ಯುವ ಕತ್ತಿಮಣೆಯ ಮುಂದೆ ಕೂತು, ನನಗೋ ನಿಮಗೋ ಎಂಬಂತೆ, "ಕಡಿಗೂ ತಪ್ಪ್ ಒಪ್ಕಣ್ಲಿಲ್ಲ ಅವ್ಳ್" ಎಂದಿರಿ. ನಿಮ್ಮ ಕಣ್ಣು ತುಂಬಿತ್ತು. ನಾನು ಪಕ್ಕದಲ್ಲೇ ಬಂಗುಡೆ ತೊಳೆಯುತ್ತಿದ್ದೆ — ಆಗಲೂ ಬಾಯಿ ಬಿಡಲಿಲ್ಲ.

ಗಿರಿಜಕ್ಕನ ಮಗಳಿಗೆ ಈ ಬೆಳಿಗ್ಗೆ ಎಲ್ಲ ಹೇಳಿ ಬಂದೆ. ಅವಳು ಎದ್ದು ಒಳಗೆ ಹೋದಳು. ಅಲ್ಲಿಂದ ನೇರ ನಿಮ್ಮಲ್ಲಿಗೆ ಬಂದಿದ್ದೇನೆ. ಬಾಗಿಲಿಗೆ ಬರಬೇಡವೆಂದು ಅಂದು ಗಿರಿಜಕ್ಕನಿಗೆ ಹೇಳಿದ ಮಾತನ್ನು ನನಗೆ ಹೇಳಿ ದೊಡ್ಡಮ್ಮ. ಅದು ನನಗೆ ಸೇರಬೇಕಾದದ್ದು.