ಜಲಜಕ್ಕ ಸುಮ್ಮನೆ ಕೂತ ಎರಡು ಗಂಟೆ

ಕೈಯಲ್ಲಿ ಕೆಲಸವಿಲ್ಲದೆ ಕೂರುವುದೆಂದರೆ ಜಲಜಕ್ಕನಿಗೆ ಮೈಯೆಲ್ಲ ತುರಿಕೆ. ಕೋಡಿಯ ಕಡಲ ತೀರದಲ್ಲಿ ಹುಟ್ಟಿ ಬಸ್ರೂರಿಗೆ ಮದುವೆಯಾಗಿ ಬಂದವಳು. ಗಂಡ ಸುಬ್ಬಣ್ಣ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ. ಅವನ ಬಲೆಗೆ ಬಿದ್ದ ಮೀನಿಗಿಂತ ಬಲೆಯ ತೂತುಗಳೇ ಹೆಚ್ಚು. ಹಾಗಾಗಿ ಮನೆಗೆ ಅಕ್ಕಿ ಬರುತ್ತಿದ್ದದ್ದು ಜಲಜಕ್ಕನ ದುಡಿಮೆಯಿಂದ. ಕುಂದಾಪುರದ ಒಂದು ಗೇರುಬೀಜದ ಕಾರ್ಖಾನೆಗೆ ಬಸ್ರೂರಿನ ನಾವು ಹನ್ನೆರಡು ಮಂದಿ ಹೆಂಗಸರು ದಿನಾ ನಡೆದು ಹೋಗುತ್ತಿದ್ದೆವು. ಎಲ್ಲರಿಗಿಂತ ಮುಂದೆ ಜಲಜಕ್ಕ.

ಅರವತ್ತೆಂಟನೇ ಇಸವಿಯಲ್ಲಿ ಹೊಸ ರೋಗವೊಂದು ಶುರುವಾಯಿತು. ನಾಲ್ಕು ಮೈಲಿ ನಡೆದು ಬೆಳಿಗ್ಗೆ ಗೇಟಿನ ಹತ್ತಿರ ಬಂದರೆ ಹಾಜರಿ ಬರೆಯುವ ರೈಟರ್ ಉಮಾನಾಥಯ್ಯ, "ಇವತ್ತ್ ಬೀಜ ಇಲ್ಲ, ನಾಳೆ ಬನ್ನಿ" ಎನ್ನುವರು. ಮುನ್ನಾದಿನವೇ ಹೇಳಿದ್ದರೆ ಬಾಯಿಂದ ಮುತ್ತು ಉದುರುತ್ತಿತ್ತೇ? ಆ ಸಿಟ್ಟು ನನಗೆ ಇವತ್ತಿಗೂ ಇದೆ. ಹೋದ ದಿನ ಹೋಯಿತು, ಕೂಲಿಯೂ ಇಲ್ಲ. ಮುಖ ಸಪ್ಪೆ ಮಾಡಿಕೊಂಡು ಮನೆಗೆ ವಾಪಸು.

ಕಾರ್ಮಿಕ ಸಂಘದ ಶೀನ ಒಂದು ಸಂಜೆ ದಾರಿಯಲ್ಲಿ ಸಿಕ್ಕಿ ಬೈದ. "ನೀವ್ ತಿರ್ಗಿ ಹೋಪ್ದೇ ತಪ್ಪ್ ಅಕ್ಕ. ಹೊತ್ತಿಗ್ ಸರಿಯಾಯ್ ಬಂದ್ ಹಾಜ್ರಿ ಕೊಟ್ಟ್ ಎರಡ್ ಗಂಟೆ ಅಲ್ಲೇ ಕೂಕಣಿ. ಆಗ್ಳೂ ಕೆಲ್ಸ ಕೊಡ್ದಿದ್ರೆ ಅರ್ಧ ಸಂಬ್ಳ ಕೊಡ್ಕ್. ಅದ್ ಕಾನೂನ್."

ಸುಮ್ಮನೆ ಕೂತರೂ ಸಂಬಳವೇ ಎಂದು ನಾವೆಲ್ಲ ನಕ್ಕೆವು. ಜಲಜಕ್ಕ ನಗಲಿಲ್ಲ.

ಮುಂದಿನ ಸಲ ಬೀಜ ಇಲ್ಲವೆಂದಾಗ ಅವಳು ಎಲ್ಲರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆಸಿ, ಗೇಟಿನ ನೆರಳಿನಲ್ಲಿ ಕೂತೇಬಿಟ್ಟಳು. ನಾವೂ ಕೂತೆವು. ಮೊದಲ ಗಂಟೆಯಲ್ಲೇ ಅವಳ ಕೈ ತಡೆಯಲಿಲ್ಲ, ಹನ್ನೊಂದು ಮಂದಿಯ ಜಡೆ ಬಿಚ್ಚಿ ಹೆಣೆದಳು. ಆಮೇಲೆ ಮತ್ತೆ ಬಿಚ್ಚಿದಳು. ನನ್ನ ತಲೆ ಉರಿಯುತ್ತಿತ್ತು.

ಒಂದೂವರೆ ಗಂಟೆಯಾದಾಗ ರೈಟರು ಬಂದರು. ಸ್ವರದಲ್ಲಿ ಬೆಲ್ಲ.

"ಹ್ವಾಯ್, ಕೋಡಿಯಂಗೆ ಬಂಗ್ಡಿ ಮೀನ್ ರಾಶಿ ಬಿದ್ದಿತ್ತಂಬ್ರ್! ಹೊತ್ರೆ ಬುಟ್ಟಿಗ್ ಎಂಟಾಣಿ ಕೂಲಿ. ಬೇಗ ಹೋಯ್ನಿ."

ಮೊದಲು ಎದ್ದವಳು ನಾನೇ, ಸುಳ್ಳು ಯಾಕೆ ಹೇಳಲಿ. ನನ್ನ ಹಿಂದೆ ಇನ್ನೂ ಆರು ಮಂದಿ ಸೆರಗು ಸಿಕ್ಕಿಸಿಕೊಂಡರು. ಈಗ ಹೋದರೆ ಅರ್ಧ ಸಂಬಳಕ್ಕೆ ಕಲ್ಲು ಬಿತ್ತು ಎನ್ನುವುದು ನಮಗೆ ಮರೆತೇ ಹೋಗಿತ್ತು.

ಜಲಜಕ್ಕ ತಲೆಯೆತ್ತಿ ಕಾರ್ಖಾನೆಯ ಮಾಡು ನೋಡಿದಳು. ಹಂಚಿನ ಮೇಲೆ ಉದ್ದಕ್ಕೂ ಕಾಗೆಗಳು ಕೂತಿದ್ದವು.

"ಕೂಕಣಿ ಎಲ್ಲ! ಕಡಲಂಗೆ ಬಂಗ್ಡಿ ಬಿದ್ದಿದ್ರೆ ಈ ಕಾಕಿಗಳ್ ಇಲ್ಲ್ ಎಂತಕ್ ಇಪ್ದ್?"

ನಾವು ಬಿದ್ದು ಬಿದ್ದು ನಕ್ಕು ಮತ್ತೆ ಕೂತೆವು. ರೈಟರ ಮುಖ ಇಂಗು ತಿಂದ ಮಂಗನಂತಾಯಿತು. ಎರಡು ಗಂಟೆ ತುಂಬಿತು. ಶನಿವಾರ ಸಂಬಳ ಕೊಡುವ ಹೊತ್ತಿಗೆ ಶೀನನೂ ಜೊತೆಗೆ ಬಂದು ನಿಂತ. ಅರ್ಧ ಸಂಬಳ ಹನ್ನೆರಡೂ ಮಂದಿಯ ಕೈಗೆ ಬಂತು. ಆ ದಿನ ನನಗಾದ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಕೆಲವು ವಾರ ಕಳೆದು, ಒಂದು ಸಂಜೆ ರೈಟರು ಸೈಕಲ್ ತುಳಿದುಕೊಂಡು ಬಸ್ರೂರಿಗೇ ಬಂದರು. "ಜಲಜಾ, ನಾಳೆ ಬೀಜ ಇಲ್ಲ. ಬಪ್ದ್ ಬ್ಯಾಡ."

ಜಲಜಕ್ಕ ಅವರಿಗೆ ನೀರು ಬೆಲ್ಲ ಕೊಟ್ಟು ಉಪಚರಿಸಿದಳು. "ಅಷ್ಟ್ ದೂರದಿಂದ ಬಂದ್ ಹೇಳಿದ್ರಿ, ಒಳ್ಳೇದಾಯ್ತ್ ಅಯ್ಯ. ಆರೆ ನಾವ್ ಬತ್ತೊ. ಎರಡ್ ಗಂಟೆ ಕೂಕಂಬ್ಕ್ ಇತ್ತಲೆ."

ಮರುದಿನ ಗೇಟಿನ ಪಕ್ಕದಲ್ಲಿ ರೈಟರು ಒಂದು ಬೆಂಚು ಹಾಕಿಸಿದ್ದರು. ಜಲಜಕ್ಕ ಚೀಲದಿಂದ ಸುಬ್ಬಣ್ಣನ ಬಲೆ ತೆಗೆದು ಮಡಿಲಲ್ಲಿ ಹರಡಿಕೊಂಡು ಕೂತಳು. ಆ ವರ್ಷ ಬಲೆಯಲ್ಲಿ ಒಂದು ತೂತೂ ಉಳಿಯಲಿಲ್ಲ.