ತಪ್ಪೆಲ್ಲ ಸುಣ್ಣದ ಮೇಲೆ

ಮೂವತ್ತರ ದಶಕದ ಕೊನೆಯಿಂದ ಹಲವು ವರ್ಷ ನಾನು ಹಾನಗಲ್ಲಿನಲ್ಲಿ ಒಬ್ಬ ಖಾಸಗಿ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಔಷಧ ಕಲಸುವುದು, ಗಾಯ ತೊಳೆಯುವುದು ನನ್ನ ಕೆಲಸ. ಆದರೆ ಬಾಯಿಯ ರೋಗಗಳ ಮಟ್ಟಿಗೆ ನಾನೇ ಡಾಕ್ಟರ್. ನಮ್ಮ ಡಾಕ್ಟರರಿಗೆ ಇನ್ನೊಬ್ಬರ ಬಾಯೊಳಗೆ ಇಣುಕುವುದೆಂದರೆ ಹೇಸಿಗೆ. ರೋಗಿ ಬಾಯಿ ತೆರೆಯುವ ಮೊದಲೇ ನನ್ನತ್ತ ಕೈ ಮಾಡಿಬಿಡುತ್ತಿದ್ದರು.

ಇಣುಕಿದರೂ ಕಾಣುವುದೇನು? ಬಂದವರು ಕುಳಿತ ಕೂಡಲೇ ಎಲೆಯಡಿಕೆಯ ಸಂಚಿ ಬಿಚ್ಚಿ ನನಗೊಂದು ಎಲೆ ಮಡಿಸಿ ಕೊಡಬೇಕು, ನಾನು ಬೇಡ ಎನ್ನಬಾರದು. ಎಂದರೆ ಅವರ ಮನೆತನಕ್ಕೇ ಅವಮಾನ. ಹೀಗಾಗಿ ತಪಾಸಣೆ ಶುರುವಾಗುವ ಹೊತ್ತಿಗೆ ರೋಗಿಯ ಬಾಯೂ ಕೆಂಪು, ನನ್ನ ಬಾಯೂ ಕೆಂಪು. ಆ ಕೆಂಪಿನ ನಡುವೆ ಕೆನ್ನೆಯ ಒಳಮೈಯಲ್ಲಿ ಬೆಳ್ಳಗೆ ಏನಾದರೂ ಕಂಡರೆ ನನ್ನ ಉತ್ತರ ಸಿದ್ಧವಾಗಿತ್ತು.

"ಏನಿಲ್ಲ, ಸುಣ್ಣ ಹೆಚ್ಚಾಗಿ ಸುಟ್ಟೈತಿ. ತುಪ್ಪಾ ಹಚ್ರಿ."

ಜನಕ್ಕೂ ಇದೇ ಬೇಕಿತ್ತು. ಹಾನಗಲ್ಲಿನವರು ತಪ್ಪೆಲ್ಲ ಸವಣೂರಿನ ಎಲೆಯದು ಎನ್ನುತ್ತಿದ್ದರು, ಸವಣೂರಿನವರು ಹಾನಗಲ್ಲಿನ ಅಡಿಕೆಯದು ಎನ್ನುತ್ತಿದ್ದರು. ಹಿರೇಕೆರೂರಿನಿಂದ ಬಂದ ಹಿರಿಯರೊಬ್ಬರು ಎರಡೂ ಊರಿನವರನ್ನು ಚೆನ್ನಾಗಿ ಬೈದು, ಎರಡೂ ಊರಿನ ಮಾಲನ್ನು ಒಟ್ಟಿಗೆ ಮಡಿಸಿ ಬಾಯಿಗೆ ಹಾಕಿಕೊಂಡರು. ಸುಣ್ಣದ ಪರವಾಗಿ ಮಾತಾಡುವ ಊರು ಮಾತ್ರ ಒಂದೂ ಇರಲಿಲ್ಲ. ದಿನವಿಡೀ ದವಡೆಯಲ್ಲಿ ಒತ್ತಿಟ್ಟುಕೊಂಡ ತಂಬಾಕಿನ ಹೆಸರನ್ನು ಯಾರೂ ಎತ್ತಲಿಲ್ಲ. ಅದು ಹಲ್ಲುನೋವಿಗೆ ಒಳ್ಳೆಯದೆಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ.

ಹತ್ತಿಮತ್ತೂರಿಗೆ ಕೊಟ್ಟಿದ್ದ ನನ್ನ ಅಕ್ಕನಿಗೂ ಎಡಗೆನ್ನೆಯೊಳಗೆ ಅಂಥ ಬಿಳಿ ಕಲೆ ಎದ್ದಿತ್ತು. ಖಾರ ತಾಗಿದರೆ ಉರಿಯುತ್ತಿತ್ತು. ಅವಳಿಗೂ ಸುಣ್ಣ ಎಂದೆ. ತಮ್ಮನ ಮಾತಿಗೆ ಬೆಲೆ ಕೊಟ್ಟು ಅವಳು ಸುಣ್ಣ ಕಡಿಮೆ ಮಾಡಿದಳು, ರುಚಿ ಸಾಲದೆ ತಂಬಾಕು ಹೆಚ್ಚಿಸಿದಳು. ಹೀಗೆ ಎರಡು ವರ್ಷ ಕಳೆಯಿತು.

ಅಷ್ಟರಲ್ಲಿ ನಮ್ಮ ಡಾಕ್ಟರರು ಕಣ್ಣು ಮಂಜಾಗಿ ಮನೆ ಸೇರಿದರು. ಅವರ ಕುರ್ಚಿಗೆ ಅಳಿಯ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಎಲೆ ಮುಟ್ಟದವನು. ಬಂದವರಿಗೆಲ್ಲ ಮೊದಲು ಬಾಯಿ ಮುಕ್ಕಳಿಸಲು ಹೇಳುವನು, ಆಮೇಲೆ ಅರಳೆ ಹಿಡಿದು ಬಿಳಿ ಕಲೆಯನ್ನು ಉಜ್ಜುವನು.

"ಒರಸಿದ್ರ ಹೋಗೂದು ಸುಣ್ಣ. ಹೋಗಲಾರದ್ದು ಬ್ಯಾರೆ ಐತ್ರಿ," ಎಂದು ನನಗೇ ಪಾಠ ಹೇಳಿದ.

ನನಗೆ ಮೈಯೆಲ್ಲ ಉರಿಯಿತು. ಇವನ ಜಂಬ ಇಳಿಸಬೇಕು, ಬರೀ ಸುಣ್ಣದ ಕಲೆ ಹೇಗಿರುತ್ತದೆಂದು ತೋರಿಸಬೇಕು ಎಂದು ಅಕ್ಕನನ್ನೇ ಕರೆಸಿದೆ.

ಅವಳ ಬಾಯಿ ಸ್ವಚ್ಛವಾಗಲು ಐದು ತಂಬಿಗೆ ನೀರು ಬೇಕಾಯಿತು. ಡಾಕ್ಟರ್ ಹತ್ತಿರ ಬಂದರೆ ಸೆರಗು ಅಡ್ಡ ಹಿಡಿದಳು.

"ಪರರ ಬೆರಳು ನನ್ನ ಬಾಯಾಗ ಬ್ಯಾಡ್ರೀ ಯಪ್ಪಾ. ನನ್ನ ತಮ್ಮ ನೋಡ್ಲಿ."

ಅವನು ಅರಳೆಯನ್ನು ನನ್ನ ಕೈಗೆ ಕೊಟ್ಟ. ಉಜ್ಜಿದೆ, ಕಲೆ ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ. ಅಕ್ಕ ಹಾ ಎಂದಳೇ ಹೊರತು ಕಲೆ ಕದಲಲಿಲ್ಲ.

"ಈಗ ಬೆರಳಿನಿಂದ ಒತ್ತಿ ನೋಡ್ರಿ," ಎಂದ ಡಾಕ್ಟರ್. "ಅಂಚು ಮೆತ್ತಗ ಐತೋ, ಗಟ್ಟಿ ಐತೋ?"

ಅಷ್ಟು ವರ್ಷದಲ್ಲಿ ನಾನು ಒಬ್ಬರ ಬಾಯಿಯಲ್ಲೂ ಬೆರಳಿಟ್ಟವನಲ್ಲ. ಕಲೆಯ ಒಂದು ಅಂಚು ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಮೆತ್ತಗಿದೆ ಎಂದುಬಿಟ್ಟರೆ ನನ್ನ ಮಾನ ಉಳಿಯುತ್ತದೆ ಎಂಬ ಯೋಚನೆ ಬಂತು, ಸುಳ್ಳು ಯಾಕೆ ಹೇಳಲಿ. ಅಕ್ಕ ಬಾಯಿ ತೆರೆದುಕೊಂಡೇ ನನ್ನ ಮುಖ ನೋಡುತ್ತಿದ್ದಳು.

"ಗಟ್ಟಿ ಐತ್ರಿ," ಎಂದೆ.

ಹಾಗೇ ಬಿಟ್ಟರೆ ಹುಣ್ಣಾಗಿ ದವಡೆಯನ್ನೇ ತಿನ್ನುತ್ತದೆ ಎಂದ ಅವನು. ಹುಬ್ಬಳ್ಳಿಗೆ ಕರೆದೊಯ್ದು ಕೊಯ್ಯಿಸಿದೆವು. ಎಲುಬಿಗೆ ಇಳಿದಿರಲಿಲ್ಲ, ಅಕ್ಕ ಉಳಿದಳು. ಆಮೇಲೆ ಅವಳ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನನ್ನನ್ನು ಬೈಯಲು ಅಷ್ಟು ಸಾಕಾಯಿತು.

"ನಾ ನಿನ್ನ ಅಕ್ಕ ಅಂತ ಎರಡನೇ ಸಲ ನೋಡಿದಿ. ಉಳಿದವರಿಗೆ ಯಾರದಾರೋ?"

ಅವಳನ್ನು ಯಾಕೆ ಕರೆಸಿದ್ದೆ ಎಂಬುದನ್ನು ನಾನು ಅವಳಿಗೆ ಕಡೆಯವರೆಗೂ ಹೇಳಲಿಲ್ಲ. ಆ ವಾರವೇ ಸೈಕಲ್ ಹತ್ತಿ, ನೆನಪಿಗೆ ಬಂದವರನ್ನೆಲ್ಲ ಹುಡುಕಿಕೊಂಡು ಹೊರಟೆ. ಕೆಲವರು ನಕ್ಕರು, ಕೆಲವರು ಬಾಯಿ ತೋರಿಸಿದರು, ಇಬ್ಬರನ್ನು ಡಾಕ್ಟರರ ಬಳಿ ಕಳಿಸಿದೆ.

ಆಡೂರಿನಲ್ಲಿ ಒಬ್ಬ ರೈತನಿಗೂ ತುಪ್ಪ ಹಚ್ಚಲು ಹೇಳಿದ್ದೆ. ಅವನ ಹೆಂಡತಿ ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟಳು. ಅವನು ಹೋಗಿ ಆರು ತಿಂಗಳಾಗಿತ್ತು. ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲವಂತೆ. ಅವಳಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ.

"ಹುಬ್ಬಳ್ಳಿಗೆ ಹೋಗಿ ತೋರಸ್ರಿ ಅಂತ ಭಾಳ ಮಂದಿ ಅಂದ್ರು," ಎಂದಳು. "ನೀವು ಏನಿಲ್ಲ ಅಂದಿದ್ರೆಲ್ರಿ. ಅದಕ್ಕ ಮತ್ತ ಯಾರಿಗೂ ತೋರಸ್ಲಿಲ್ರಿ."